ಕ್ಷಣದ ನಿರ್ಧಾರ, ಮರುಕ್ಷಣದ ತಿದ್ದುಪಡಿ

ಅವಸರದಲ್ಲಿ ತೆಗೆದುಕೊಂಡ ನಿರ್ಧಾರ ತಪ್ಪಾದಾಗ, ಅದನ್ನು ಬೇರೆ ಯಾರೂ ತೋರಿಸಿಕೊಡುವ ಮೊದಲೇ ನಮಗೆ ಗೊತ್ತಾಗಿಬಿಡುವುದುಂಟು. ಗುಂಡಿ ಒತ್ತಿದ ಬೆರಳು ಇನ್ನೂ ಮೇಲೇಳುವ ಮುನ್ನವೇ ‘ಇದಲ್ಲ’ ಎಂಬ ಅರಿವು ಮೂಡಿರುತ್ತದೆ. ತಪ್ಪು ಹೆಸರು ಬಾಯಿಂದ ಹೊರಬೀಳುತ್ತಿರುವಾಗಲೇ ನಾಲಿಗೆ ಸರಿಯಾದ ಹೆಸರಿನತ್ತ ಹೊರಳಿರುತ್ತದೆ. ದಿನವೂ ಆಗುವ ಈ ಸಂಗತಿಯಲ್ಲಿ ವಿವರಿಸಬೇಕಾದದ್ದು ಏನಿದೆ ಎಂದು ಅನ್ನಿಸಬಹುದು. ಆದರೆ ಒಂದು ಪ್ರಶ್ನೆ ಹಾಕಿಕೊಂಡರೆ ವಿಷಯದ ತೊಡಕು ಕಾಣತೊಡಗುತ್ತದೆ. ಸರಿಯಾದ ಉತ್ತರ ಮಿದುಳಿಗೆ ತಿಳಿದೇ ಇದ್ದಿದ್ದರೆ ಅದು ತಪ್ಪು ಮಾಡಿದ್ದೇಕೆ? ತಿಳಿದಿರಲಿಲ್ಲವೆಂದಾದರೆ, ಹೊರಗಿನಿಂದ ಯಾವ ಸುಳಿವೂ ಬಾರದಿರುವಾಗ, ಅರೆಕ್ಷಣದೊಳಗೆ ಅದಕ್ಕೆ ತಿಳಿದದ್ದಾದರೂ ಹೇಗೆ?

ಈ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ಮೊದಲಿಗರು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ರ್‍ಯಾಬಿಟ್. ಕಣ್ಣಿಗೆ ಬಿದ್ದ ಸಂಕೇತಕ್ಕೆ ತಕ್ಕ ಗುಂಡಿಯನ್ನು ಆದಷ್ಟು ಬೇಗ ಒತ್ತಬೇಕಾದ ಕೆಲಸವನ್ನು ಜನರಿಗೆ ಕೊಟ್ಟು, ತಪ್ಪಿದೆ ಎನಿಸಿದರೆ ಕೂಡಲೇ ಸರಿಯಾದ ಗುಂಡಿಯನ್ನು ಒತ್ತಿ ಎಂದು ಅವರು ಹೇಳಿದ್ದರು. 1966ರಲ್ಲಿ ಅವರು ಪ್ರಕಟಿಸಿದ ಫಲಿತಾಂಶಗಳಲ್ಲಿ ಎರಡು ಅಂಶಗಳು ಇಂದಿಗೂ ಈ ಕ್ಷೇತ್ರದ ತಳಹದಿಯಾಗಿ ಉಳಿದಿವೆ. ಮೊದಲನೆಯದು, ‘ನೀವು ತಪ್ಪಿದಿರಿ’ ಎಂದು ಯಾರೂ ಹೇಳದಿದ್ದರೂ ಜನ ತಮ್ಮ ತಪ್ಪುಗಳಲ್ಲಿ ಬಹುಪಾಲನ್ನು ತಾವೇ ತಿದ್ದಿಕೊಂಡರು. ಅದೂ, ಸಾಮಾನ್ಯವಾಗಿ ಒಂದು ಸರಿ ಉತ್ತರ ಕೊಡಲು ಬೇಕಾಗುವುದಕ್ಕಿಂತ ಕಡಿಮೆ ಸಮಯದಲ್ಲಿ. ಎರಡನೆಯದು, ತಪ್ಪಾದ ನಂತರದ ಸರದಿಯಲ್ಲಿ ಅವರ ಉತ್ತರ ತುಸು ನಿಧಾನವಾಯಿತು. ತಿದ್ದುಪಡಿ ಅಷ್ಟು ಬೇಗ ಬರುತ್ತದೆ ಎಂದರೆ, ತಪ್ಪನ್ನು ಕಂಡು, ಯೋಚಿಸಿ, ಮೊದಲಿನಿಂದ ಹೊಸ ನಿರ್ಧಾರ ಮಾಡಲಾಗುತ್ತಿದೆ ಎಂಬ ವಿವರಣೆಗೆ ಅಲ್ಲಿ ಜಾಗವೇ ಇಲ್ಲ.

ಹಾಗಾದರೆ ಆಗುವುದೇನು? ಒಂದೇ ಒಂದು ಉತ್ತರವನ್ನು ನಿಧಾನಗತಿಯಲ್ಲಿ ನೋಡೋಣ. 1974ರಲ್ಲಿ ಬಾರ್ಬರಾ ಎರಿಕ್ಸನ್ ಮತ್ತು ಚಾರ್ಲ್ಸ್ ಎರಿಕ್ಸನ್ ರೂಪಿಸಿದ ಒಂದು ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅವರು ಅಕ್ಷರಗಳನ್ನು ಬಳಸಿದ್ದರು. ಈಗ ಹೆಚ್ಚಾಗಿ ಬಾಣದ ಗುರುತುಗಳನ್ನು ಬಳಸುತ್ತಾರೆ. ಪರದೆಯ ಮೇಲೆ ಸಾಲಾಗಿ ಐದು ಬಾಣಗಳು ಕ್ಷಣಕಾಲ ಕಾಣಿಸಿಕೊಳ್ಳುತ್ತವೆ. ನಡುವಿನ ಬಾಣ ಎಡಕ್ಕೆ ಮುಖ ಮಾಡಿದ್ದರೆ ಎಡಗೈಯ ಗುಂಡಿ, ಬಲಕ್ಕೆ ಮುಖ ಮಾಡಿದ್ದರೆ ಬಲಗೈಯ ಗುಂಡಿ. ಅಕ್ಕಪಕ್ಕದ ನಾಲ್ಕು ಬಾಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ನಡುವಿನದು ಎಡಕ್ಕೂ ಉಳಿದವು ಬಲಕ್ಕೂ ತಿರುಗಿದ್ದರೆ, ಮೊದಮೊದಲು ಗಮನ ಇಡೀ ಸಾಲಿನ ಮೇಲೆ ಹರಡಿಕೊಂಡಿರುತ್ತದೆ. ನಾಲ್ಕು ಬಾಣಗಳ ಬಲ ಒಂದು ಬಾಣದ ಬಲಕ್ಕಿಂತ ಹೆಚ್ಚಾದ್ದರಿಂದ ಬಲಗೈಗೆ ಆಜ್ಞೆ ಹೊರಡಲು ಸಿದ್ಧವಾಗುತ್ತದೆ. ಗಮನ ನಡುವಿನ ಬಾಣಕ್ಕೆ ಕೇಂದ್ರೀಕರಿಸಲು ಇನ್ನೂ ಸ್ವಲ್ಪ ಸಮಯ ಬೇಕು. ಅವಸರವಿಲ್ಲದಿದ್ದರೆ ಆ ಸಮಯ ಸಿಕ್ಕಿ ಎಡಗೈ ಗೆಲ್ಲುತ್ತಿತ್ತು. ಅವಸರದಲ್ಲಿ ಬಲಗೈ ಒತ್ತಿಬಿಡುತ್ತದೆ. ಆದರೆ ಒತ್ತಿದಾಕ್ಷಣ ಗಮನದ ಕೆಲಸ ನಿಂತುಹೋಗುವುದಿಲ್ಲ. ಅದು ತನ್ನ ಪಾಡಿಗೆ ಮುಂದುವರಿದು ನಡುವಿನ ಬಾಣವನ್ನು ಬೇರ್ಪಡಿಸಿಕೊಳ್ಳುತ್ತದೆ, ಮತ್ತು ಎಡಗೈಗೆ ಹೋಗಬೇಕಾಗಿದ್ದ ಆಜ್ಞೆ ತಡವಾಗಿಯಾದರೂ ಬಲಗೊಳ್ಳುತ್ತದೆ. ಸರಿ ಉತ್ತರ ತಯಾರಾಗುತ್ತಿದ್ದಾಗಲೇ ತಪ್ಪು ಉತ್ತರ ಹೊರಟುಹೋಗಿತ್ತು ಎಂಬುದೇ ಮೊದಲ ಪ್ರಶ್ನೆಗೆ ಸಿಗುವ ಉತ್ತರ. ತಿದ್ದುಪಡಿ ಎಂದು ನಾವು ಕರೆಯುವುದು ಬಹಳಷ್ಟು ಸಲ ಹೊಸ ನಿರ್ಧಾರವಲ್ಲ, ಮೊದಲ ನಿರ್ಧಾರದ ಉಳಿದ ಭಾಗ. ಈ ವಿಷಯದಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಮುಖ್ಯ ಸಂಗತಿ ಇದೇ ಎಂದು ನನ್ನ ಭಾವನೆ. ಮುಂದಿನ ಬಹುತೇಕ ಮಾತುಗಳು ಇದರಿಂದಲೇ ಹೊರಡುತ್ತವೆ.

ಇದು ಬರೀ ಊಹೆಯಲ್ಲ ಎಂಬುದಕ್ಕೆ ಸ್ನಾಯುಗಳೇ ಸಾಕ್ಷಿ ಹೇಳುತ್ತವೆ. ಇಂಥ ಪರೀಕ್ಷೆ ನಡೆಯುವಾಗ ಎರಡೂ ಕೈಗಳ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದರೆ, ಕೊನೆಗೆ ಸರಿಯಾದ ಉತ್ತರವನ್ನೇ ಕೊಟ್ಟ ಸರದಿಗಳಲ್ಲೂ ಕೆಲವೊಮ್ಮೆ ತಪ್ಪು ಕೈಯ ಸ್ನಾಯು ಒಮ್ಮೆ ಮಿಡಿದು, ಗುಂಡಿ ಒತ್ತುವಷ್ಟು ಬಲ ಬರುವ ಮೊದಲೇ ತಣ್ಣಗಾಗಿರುವುದು ಕಾಣುತ್ತದೆ. ಹೊರಗಿನಿಂದ ನೋಡುವವರಿಗೆ ಅಲ್ಲಿ ತಪ್ಪೇ ಆಗಿರುವುದಿಲ್ಲ. ಉತ್ತರ ಕೊಟ್ಟವರಿಗೂ ಅನೇಕ ಸಲ ಅದರ ಸುಳಿವಿರುವುದಿಲ್ಲ. ತಪ್ಪು ಹುಟ್ಟಿ, ಪತ್ತೆಯಾಗಿ, ಅಡಗಿಹೋಗುವ ಇಡೀ ಕಥೆ ಅರಿವಿನ ಹೊಸ್ತಿಲ ಆಚೆಗೇ ನಡೆದುಹೋಗಿರುತ್ತದೆ.

2009ರಲ್ಲಿ ಅರ್ಬೋರಾ ರೆಸುಲಾಯ್, ರೂಜ್ಬೆಹ್ ಕಿಯಾನಿ, ಡೇನಿಯಲ್ ವೋಲ್ಪರ್ಟ್ ಮತ್ತು ಮೈಕೆಲ್ ಶ್ಯಾಡ್ಲೆನ್ ಪ್ರಕಟಿಸಿದ ಪ್ರಯೋಗ ಈ ವಿವರಣೆಯನ್ನು ಇನ್ನಷ್ಟು ಗಟ್ಟಿಗೊಳಿಸಿತು. ಪರದೆಯ ಮೇಲೆ ಚುಕ್ಕಿಗಳು ಅಡ್ಡಾದಿಡ್ಡಿಯಾಗಿ ಓಡಾಡುತ್ತಿರುತ್ತವೆ. ಒಟ್ಟಾರೆ ಅವು ಎಡಕ್ಕೆ ಸಾಗುತ್ತಿವೆಯೋ ಬಲಕ್ಕೋ ಎಂದು ನಿರ್ಧರಿಸಿ, ಕೈಯಲ್ಲಿರುವ ಹಿಡಿಕೆಯೊಂದನ್ನು ಆ ಕಡೆಯ ಗುರಿಯತ್ತ ಒಯ್ಯಬೇಕು. ಕೈ ಚಲಿಸಲು ಶುರುಮಾಡಿದೊಡನೆಯೇ ಚುಕ್ಕಿಗಳು ಮಾಯವಾಗುತ್ತವೆ, ಅಂದರೆ ಆಮೇಲೆ ನೋಡಲು ಏನೂ ಉಳಿದಿರುವುದಿಲ್ಲ. ಹೀಗಿದ್ದರೂ ಕೆಲವು ಸಲ ಒಂದು ಗುರಿಯತ್ತ ಹೊರಟ ಕೈ ಅರ್ಧ ದಾರಿಯಲ್ಲಿ ಬಾಗಿ ಇನ್ನೊಂದು ಗುರಿಯನ್ನು ಸೇರಿತು. ಹಾಗೆ ದಾರಿ ಬದಲಿಸಿದಾಗ ಸರಿಯಿದ್ದದ್ದು ಕೆಟ್ಟದ್ದಕ್ಕಿಂತ ತಪ್ಪಿದ್ದದ್ದು ಸರಿಯಾದ ಸಂದರ್ಭಗಳೇ ಹೆಚ್ಚು. ಹೊಸ ಮಾಹಿತಿ ಇಲ್ಲದೆ ಮನಸ್ಸು ಬದಲಾದದ್ದು ಹೇಗೆ? ಕಣ್ಣಿಗೆ ಬಿದ್ದ ನೋಟ ನಿರ್ಧಾರದ ಮಟ್ಟವನ್ನು ತಲುಪುವುದಕ್ಕೂ, ನಿರ್ಧಾರವು ಕೈಯ ಚಲನೆಯಾಗುವುದಕ್ಕೂ ಒಟ್ಟು ಕೆಲವು ನೂರು ಮಿಲಿಸೆಕೆಂಡ್‌ಗಳು ಹಿಡಿಯುತ್ತವೆ. ನಿರ್ಧಾರವಾದ ಹೊತ್ತಿನಲ್ಲಿ, ಅದಕ್ಕೆ ಸ್ವಲ್ಪ ಮೊದಲು ಮತ್ತು ನಂತರ ಕಂಡದ್ದು ಇನ್ನೂ ದಾರಿಯಲ್ಲೇ ಇರುತ್ತದೆ. ನಿರ್ಧಾರಕ್ಕೆ ಅದು ಒದಗಲಿಲ್ಲ. ನಿರ್ಧಾರವನ್ನು ತಿದ್ದುವುದಕ್ಕೆ ಒದಗಿತು.

ಇದರ ಜೊತೆಗೆ ಇನ್ನೊಂದು ಮಾರ್ಗವೂ ಇದೆ. ಸ್ನಾಯುವಿಗೆ ಆಜ್ಞೆ ಕಳುಹಿಸುವಾಗ ಮಿದುಳು ಅದರ ನಕಲೊಂದನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ ಎಂಬ ವಿಚಾರವನ್ನು 1950ರಲ್ಲಿ ಎರಿಕ್ ಫಾನ್ ಹೋಲ್ಸ್ಟ್ ಮತ್ತು ಹೋರ್ಸ್ಟ್ ಮಿಟೆಲ್‌ಸ್ಟೆಟ್ ಒಂದು ಕಡೆಯಿಂದಲೂ ರೋಜರ್ ಸ್ಪೆರಿ ಇನ್ನೊಂದು ಕಡೆಯಿಂದಲೂ ಮುಂದಿಟ್ಟರು. ಕೈ ಏನು ಮಾಡಿತು ಎಂಬುದನ್ನು ಕಣ್ಣು ನೋಡಿ ಹೇಳುವ ತನಕ ಕಾಯದೆ, ಏನು ಮಾಡಲು ಹೊರಟಿದೆ ಎಂಬುದನ್ನು ಮಿದುಳು ಆ ನಕಲಿನಿಂದಲೇ ಅರಿಯಬಲ್ಲದು. ಹೊರಟ ಆಜ್ಞೆಯ ನಕಲು ಒಂದು ಕಡೆ, ತಡವಾಗಿ ಸಿದ್ಧವಾದ ಸರಿ ಉತ್ತರ ಇನ್ನೊಂದು ಕಡೆ. ಇವೆರಡರ ನಡುವಿನ ಅಂತರವೇ ತಪ್ಪಿನ ಮೊದಲ ಸುದ್ದಿ.

ಆ ಸುದ್ದಿಯನ್ನು ತಲೆಯ ಹೊರಗಿನಿಂದ ದಾಖಲಿಸಲು ಸಾಧ್ಯವಾದದ್ದು 1990ರ ದಶಕದ ಆರಂಭದಲ್ಲಿ. ಜರ್ಮನಿಯಲ್ಲಿ ಮಿಖಾಯೆಲ್ ಫಾಲ್ಕೆನ್‌ಸ್ಟೈನ್ ಮತ್ತು ಸಹೋದ್ಯೋಗಿಗಳೂ, ಅಮೆರಿಕದಲ್ಲಿ ವಿಲಿಯಂ ಗೆಹ್ರಿಂಗ್ ಮತ್ತು ಸಹೋದ್ಯೋಗಿಗಳೂ ಬೇರೆಬೇರೆಯಾಗಿ ಇದನ್ನು ಗುರುತಿಸಿದರು. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ತಲೆಯ ಮೇಲಿನಿಂದ ಅಳೆಯುವ ಇಇಜಿ ದಾಖಲೆಯಲ್ಲಿ, ತಪ್ಪು ಗುಂಡಿ ಒತ್ತಿದ ಕ್ಷಣದಿಂದ 100 ಮಿಲಿಸೆಕೆಂಡ್‌ಗಳ ಒಳಗೆ, ನೆತ್ತಿಯ ಮುಂಭಾಗದಲ್ಲಿ ಚೂಪಾದ ಋಣ ವಿದ್ಯುತ್ ಅಲೆಯೊಂದು ಕಾಣಿಸಿಕೊಳ್ಳುತ್ತದೆ. ಇದನ್ನು ಇಆರ್‌ಎನ್ (ಎರರ್-ರಿಲೇಟೆಡ್ ನೆಗೆಟಿವಿಟಿ, ಅಂದರೆ ತಪ್ಪಿಗೆ ಸಂಬಂಧಿಸಿದ ಋಣ ಅಲೆ) ಎಂದು ಕರೆಯುತ್ತಾರೆ. ಇದರ ಮೂಲ ಹಣೆಯ ಹಿಂದೆ, ಮಿದುಳಿನ ಎರಡು ಅರ್ಧಗಳು ಪರಸ್ಪರ ಎದುರಾಗುವ ಒಳಮೈಯಲ್ಲಿರುವ ಆಂಟೀರಿಯರ್ ಸಿಂಗ್ಯುಲೇಟ್ ಎಂಬ ಭಾಗ ಮತ್ತು ಅದರ ಆಸುಪಾಸು ಎಂಬುದು ಬಹುತೇಕ ಸಂಶೋಧಕರ ಅಭಿಪ್ರಾಯ. ಅಲೆಯ ಅರ್ಥದ ಬಗ್ಗೆ ಮಾತ್ರ ಒಮ್ಮತವಿಲ್ಲ. ಒಂದೇ ಹೊತ್ತಿನಲ್ಲಿ ಎರಡು ಆಜ್ಞೆಗಳು ಜೀವಂತವಾಗಿರುವುದರಿಂದ ಉಂಟಾಗುವ ತಿಕ್ಕಾಟವನ್ನು ಅದು ಸೂಚಿಸುತ್ತದೆ ಎಂದು ಮ್ಯಾಥ್ಯೂ ಬಾಟ್ವಿನಿಕ್, ನಿಕ್ ಯಂಗ್, ಜೊನಾಥನ್ ಕೋಹೆನ್ ಮುಂತಾದವರ ವಾದ. ‘ನಿರೀಕ್ಷಿಸಿದ್ದಕ್ಕಿಂತ ಕೆಟ್ಟದಾಯಿತು’ ಎಂದು, ಪ್ರತಿಫಲ ಮತ್ತು ಕಲಿಕೆಗೆ ಸಂಬಂಧಿಸಿದ ಮಿದುಳಿನ ಡೋಪಮೈನ್ ವ್ಯವಸ್ಥೆ ಕಳುಹಿಸುವ ಕಲಿಕೆಯ ಸಂದೇಶ ಅದು ಎಂದು 2002ರಲ್ಲಿ ಕ್ಲೇ ಹೋಲ್ರಾಯ್ಡ್ ಮತ್ತು ಮೈಕೆಲ್ ಕೋಲ್ಸ್ ಮಂಡಿಸಿದ ವಾದ. ಎರಡಕ್ಕೂ ಪುರಾವೆಗಳಿವೆ. ಬಾಣಗಳ ಪರೀಕ್ಷೆಯಂಥ ಸಂದರ್ಭಕ್ಕೆ ಮೊದಲನೆಯ ವಿವರಣೆ ಸಹಜವಾಗಿ ಹೊಂದುತ್ತದೆ, ಏಕೆಂದರೆ ಅಲ್ಲಿ ತಿಕ್ಕಾಟ ಸ್ನಾಯುವಿನ ತನಕವೂ ಕಾಣಸಿಗುತ್ತದೆ.

ತಪ್ಪಿನ ಸಂಕೇತ ಮೂಡಿತು ಎಂದ ಮಾತ್ರಕ್ಕೆ ತಪ್ಪು ನಮಗೆ ತಿಳಿಯಿತು ಎಂದು ಅರ್ಥವಲ್ಲ. 2001ರಲ್ಲಿ ಸ್ಯಾಂಡರ್ ನ್ಯೂವೆನ್‌ಹೌಸ್ ಮತ್ತು ಸಹೋದ್ಯೋಗಿಗಳು ಕಣ್ಣಿನ ಚಲನೆಯನ್ನು ಆಧರಿಸಿದ ಒಂದು ಪ್ರಯೋಗದಲ್ಲಿ ಇದನ್ನು ತೋರಿಸಿದರು. ಒಂದು ಬದಿಯಲ್ಲಿ ಚುಕ್ಕಿ ಮಿನುಗಿದಾಗ ಅತ್ತ ನೋಡದೆ ವಿರುದ್ಧ ದಿಕ್ಕಿಗೆ ನೋಡಬೇಕು ಎಂಬುದು ನಿಯಮ. ಕಣ್ಣು ಅನೇಕ ಸಲ ಚುಕ್ಕಿಯತ್ತಲೇ ಜಾರಿ, ಕೂಡಲೇ ಹಿಂತಿರುಗುತ್ತದೆ. ಹಾಗೆ ನೋಡಿದವರಿಗೆ ಎಷ್ಟೋ ಸಲ ತಾವು ತಪ್ಪಿದ್ದೇ ಗೊತ್ತಿರುವುದಿಲ್ಲ. ಗೊತ್ತಾದ ತಪ್ಪುಗಳಲ್ಲೂ ಗೊತ್ತಾಗದ ತಪ್ಪುಗಳಲ್ಲೂ ಇಆರ್‌ಎನ್ ಅಲೆ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು. ಅದರ ಹಿಂದೆ, ಸುಮಾರು 200ರಿಂದ 400 ಮಿಲಿಸೆಕೆಂಡ್‌ಗಳ ಅವಧಿಯಲ್ಲಿ ಬರುವ ಇನ್ನೊಂದು ಧನ ಅಲೆ ಮಾತ್ರ ವ್ಯಕ್ತಿಗೆ ತಪ್ಪು ತಿಳಿದಾಗ ದೊಡ್ಡದಾಗಿತ್ತು. ನಂತರದ ಕೆಲವು ಅಧ್ಯಯನಗಳಲ್ಲಿ ಇಆರ್‌ಎನ್‌ಗೂ ಅರಿವಿಗೂ ತಕ್ಕಮಟ್ಟಿನ ಸಂಬಂಧ ಕಂಡುಬಂದದ್ದರಿಂದ ಚರ್ಚೆ ಪೂರ್ತಿ ಮುಗಿದಿಲ್ಲ. ಆದರೂ ತಿದ್ದುವ ವ್ಯವಸ್ಥೆ ಮತ್ತು ಅರಿಯುವ ವ್ಯವಸ್ಥೆ ಒಂದೇ ಅಲ್ಲ ಎಂಬುದು ನಿಂತಿದೆ.

ಈ ಎರಡರ ನಡುವಿನ ಬಿರುಕನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ಟೈಪಿಂಗ್ ಕುರಿತ ಒಂದು ಪ್ರಯೋಗ ಎಂದು ನನಗೆ ಅನ್ನಿಸುತ್ತದೆ. 2010ರಲ್ಲಿ ಗಾರ್ಡನ್ ಲೋಗನ್ ಮತ್ತು ಮ್ಯಾಥ್ಯೂ ಕ್ರಂಪ್ ಪಳಗಿದ ಟೈಪಿಸ್ಟರಿಗೆ ಪದಗಳನ್ನು ಟೈಪ್ ಮಾಡಲು ಕೊಟ್ಟರು. ಕಂಪ್ಯೂಟರ್ ಮಾತ್ರ ಪ್ರಾಮಾಣಿಕವಾಗಿರಲಿಲ್ಲ. ಸರಿಯಾಗಿ ಟೈಪ್ ಮಾಡಿದ ಕೆಲವು ಪದಗಳಲ್ಲಿ ಅದು ಪರದೆಯ ಮೇಲೆ ತಾನೇ ತಪ್ಪು ಸೇರಿಸಿತು. ತಪ್ಪಾಗಿ ಟೈಪ್ ಮಾಡಿದ ಕೆಲವನ್ನು ಸದ್ದಿಲ್ಲದೆ ಸರಿಪಡಿಸಿ ತೋರಿಸಿತು. ಬಳಿಕ ಟೈಪಿಸ್ಟರನ್ನು ಕೇಳಿದರೆ, ಅವರು ಪರದೆಯನ್ನೇ ನಂಬಿ ಉತ್ತರಿಸಿದರು: ಕಂಪ್ಯೂಟರ್ ಸೇರಿಸಿದ ತಪ್ಪನ್ನು ತಮ್ಮದೆಂದು ಒಪ್ಪಿಕೊಂಡರು, ಕಂಪ್ಯೂಟರ್ ತಿದ್ದಿದ ಪದವನ್ನು ತಾವೇ ಸರಿಯಾಗಿ ಬರೆದದ್ದೆಂದು ಭಾವಿಸಿದರು. ಬೆರಳುಗಳ ಲೆಕ್ಕ ಬೇರೆಯೇ ಇತ್ತು. ನಿಜವಾಗಿ ತಪ್ಪು ಕೀಲಿ ಒತ್ತಿದ ಮೇಲೆ, ಪರದೆ ಏನೇ ತೋರಿಸಲಿ, ಬೆರಳು ನಿಧಾನವಾಯಿತು. ಕಂಪ್ಯೂಟರ್ ಸೇರಿಸಿದ ತಪ್ಪಿಗೆ ಅದು ಹಾಗೆ ನಿಧಾನಿಸಲಿಲ್ಲ. ಅಂದರೆ ಒಂದೇ ವ್ಯಕ್ತಿಯಲ್ಲಿ ಎರಡು ತಪಾಸಣೆಗಳು ಏಕಕಾಲಕ್ಕೆ ನಡೆಯುತ್ತಿವೆ. ಒಂದು ಚಲನೆಯನ್ನು ಗಮನಿಸುತ್ತದೆ, ಇನ್ನೊಂದು ಫಲಿತಾಂಶವನ್ನು. ‘ನನಗೆ ಗೊತ್ತಿತ್ತು’ ಎಂದು ನಾವು ಹೇಳುವುದು ಹೆಚ್ಚಾಗಿ ಎರಡನೆಯದರ ಮಾತು.

ಮಾತಿನಲ್ಲೂ ಹೀಗೆಯೇ. ದಾರಿ ಹೇಳುತ್ತಿರುವವರು ‘ಎ... ಬಲಕ್ಕೆ ತಿರುಗಿ’ ಎನ್ನುವುದನ್ನು ಕೇಳಿದ್ದೇವೆ. ‘ಎಡಕ್ಕೆ’ ಎಂಬ ಪದದ ಮೊದಲ ಸ್ವರ ಹೊರಬೀಳುವಷ್ಟರಲ್ಲೇ ಮಾತು ನಿಂತು ‘ಬಲಕ್ಕೆ’ ಎಂದು ಹೊರಳಿದೆ. ಆಡಿದ ಸ್ವರವನ್ನು ಕಿವಿ ಕೇಳಿ, ತಪ್ಪೆಂದು ತೀರ್ಮಾನಿಸಿ, ಮಾತನ್ನು ನಿಲ್ಲಿಸಲು ಅಷ್ಟು ಸಮಯ ಸಾಲದು. ಡಚ್ ಭಾಷಾವಿಜ್ಞಾನಿ ವಿಲ್ಲೆಮ್ ಲೆವೆಲ್ಟ್ 1983ರಲ್ಲಿ, ಬಣ್ಣದ ಚುಕ್ಕಿಗಳ ಚಿತ್ರಗಳನ್ನು ವಿವರಿಸುತ್ತಿದ್ದವರ ಮಾತಿನಿಂದ 959 ಸ್ವಯಂ ತಿದ್ದುಪಡಿಗಳನ್ನು ಆಯ್ದು ಪರಿಶೀಲಿಸಿ, ನಾವು ನಮ್ಮ ಮಾತನ್ನು ಹೊರಗೆ ಕೇಳಿಸಿಕೊಳ್ಳುವುದಷ್ಟೇ ಅಲ್ಲ, ಆಡುವ ಮೊದಲೇ ಒಳಗೂ ಕೇಳಿಸಿಕೊಳ್ಳುತ್ತೇವೆ ಎಂದು ವಾದಿಸಿದರು. ಅವರ ಇನ್ನೊಂದು ಗಮನಿಕೆ ಅಷ್ಟೇ ಮಹತ್ವದ್ದು: ಬಣ್ಣದ ಹೆಸರು ತಪ್ಪಿದ ಪ್ರಸಂಗಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ತಿದ್ದುಪಡಿಯಾಗಿದ್ದವು. ಉಳಿದ ಬಾಯ್ತಪ್ಪುಗಳು ಹಾಗೇ ದಾಟಿಹೋದವು.

ತಪ್ಪಿನ ಬೆನ್ನಿಗೇ ಬರುವ ಕ್ಷಣಗಳ ಬಗ್ಗೆ ಇರುವ ಒಂದು ಸಾಮಾನ್ಯ ನಂಬಿಕೆಯನ್ನು ಇಲ್ಲಿ ಸರಿಪಡಿಸಬೇಕು. ತಪ್ಪಿದ ಮೇಲೆ ನಿಧಾನವಾಗುವುದು ಎಚ್ಚರ ಹೆಚ್ಚಿದ್ದರ ಗುರುತು, ಆದ್ದರಿಂದ ಮುಂದಿನ ಉತ್ತರ ಸುಧಾರಿಸುತ್ತದೆ ಎಂದು ಬಹಳ ಕಾಲ ತಿಳಿಯಲಾಗಿತ್ತು. 2009ರಲ್ಲಿ ಇನೆಸ್ ಯೆಂಚ್ ಮತ್ತು ಕರೋಲಿನ್ ಡುಡ್‌ಶಿಗ್ ಪ್ರಕಟಿಸಿದ ಅಧ್ಯಯನ ಈ ಚಿತ್ರವನ್ನು ಬದಲಿಸಿತು. ಒಂದು ಉತ್ತರಕ್ಕೂ ಮುಂದಿನ ಪ್ರಶ್ನೆಗೂ ನಡುವೆ ಸಾಕಷ್ಟು ಬಿಡುವಿದ್ದಾಗ ಆ ನಿಧಾನದಿಂದ ಕೆಡುಕಿರಲಿಲ್ಲ. ಬಿಡುವು ತೀರಾ ಕಡಿಮೆಯಿದ್ದಾಗ ತಪ್ಪಿನ ನಂತರದ ಉತ್ತರ ನಿಧಾನವೂ ಆಯಿತು, ಹೆಚ್ಚು ತಪ್ಪಾಗಿಯೂ ಬಂತು. ಆದ ತಪ್ಪನ್ನು ಪರಿಶೀಲಿಸುವ ಕೆಲಸವೇ ಗಮನವನ್ನು ಹಿಡಿದಿಟ್ಟುಕೊಂಡು, ಎದುರಿಗೆ ಬಂದದ್ದಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಅದೇ ವರ್ಷ ವಿಮ್ ನೋಟೆಬಾರ್ಟ್ ಮತ್ತು ಸಹೋದ್ಯೋಗಿಗಳು ಇನ್ನೊಂದು ವಿಚಿತ್ರವನ್ನು ತೋರಿಸಿದರು: ತಪ್ಪುಗಳೇ ಹೆಚ್ಚಾಗಿ, ಸರಿ ಉತ್ತರವೇ ಅಪರೂಪವಾಗುವಂತೆ ಕೆಲಸವನ್ನು ಕಠಿಣಗೊಳಿಸಿದರೆ, ಜನ ನಿಧಾನವಾಗುವುದು ಸರಿ ಉತ್ತರದ ನಂತರ. ಅಂದಮೇಲೆ ಆ ನಿಧಾನದ ಒಂದು ಪಾಲು ಎಚ್ಚರಿಕೆಯಲ್ಲ, ಅನಿರೀಕ್ಷಿತವಾದದ್ದಕ್ಕೆ ಗಮನ ಸೆಳೆದುಹೋಗುವುದು. ವೇಗದ ಕೆಲಸದಲ್ಲಿ ಒಂದು ತಪ್ಪಿನ ಹಿಂದೆ ಇನ್ನೊಂದು ಸರಪಳಿಯಂತೆ ಬರುವುದನ್ನು ಕಂಡವರು ಅದನ್ನು ಗಾಬರಿಯ ದುರ್ಬಲತೆ ಎಂದು ಬೈದುಬಿಡುತ್ತಾರೆ. ಹಾಗೆ ಬೈಯುವುದು ಅನ್ಯಾಯ. ಅಲ್ಲಿ ಬೇಕಾಗಿದ್ದದ್ದು ಎರಡು ಉಸಿರಿನಷ್ಟು ಬಿಡುವು.

ಇಷ್ಟರವರೆಗೆ ಹೇಳಿದ ಸಾಮರ್ಥ್ಯಕ್ಕೆ ಒಂದು ಕಟ್ಟುನಿಟ್ಟಾದ ಗಡಿ ಇದೆ. ಬಾಣದ ಪರೀಕ್ಷೆಯಲ್ಲಿ ವ್ಯಕ್ತಿಗೆ ನಿಯಮ ಗೊತ್ತಿತ್ತು, ಉದ್ದೇಶವೂ ಸರಿಯಾಗಿತ್ತು. ತಪ್ಪಿದ್ದು ಕೈ ಮಾತ್ರ. ಇಂಥ ಕೈತಪ್ಪು ಕಣ್ತಪ್ಪುಗಳನ್ನೂ, ಯೋಜನೆಯೇ ತಪ್ಪಾಗಿರುವ ಪ್ರಮಾದಗಳನ್ನೂ ಬೇರೆಬೇರೆಯಾಗಿ ನೋಡಬೇಕೆಂದು ಡೊನಾಲ್ಡ್ ನಾರ್ಮನ್ ಮತ್ತು ಜೇಮ್ಸ್ ರೀಸನ್ 1980ರ ದಶಕದಲ್ಲಿ ಒತ್ತಿ ಹೇಳಿದರು. ಕೈತಪ್ಪಿನಲ್ಲಿ ಹೋಲಿಸಿ ನೋಡಲು ಸರಿಯಾದ ಉದ್ದೇಶ ಒಳಗೇ ಇರುತ್ತದೆ. ಪ್ರಮಾದದಲ್ಲಿ ಆ ಅಳತೆಗೋಲೇ ಡೊಂಕು. ಕೈ ಉದ್ದೇಶಕ್ಕೆ ತಕ್ಕಂತೆ ನಡೆದಿರುವುದರಿಂದ ಒಳಗಿನ ಗಂಟೆ ಬಾರಿಸುವುದಿಲ್ಲ.

ಒಂದು ಲೆಕ್ಕವನ್ನು ನೋಡಿ. 5 ಯಂತ್ರಗಳು 5 ನಿಮಿಷಗಳಲ್ಲಿ 5 ವಸ್ತುಗಳನ್ನು ತಯಾರಿಸುತ್ತವೆ. 100 ಯಂತ್ರಗಳು 100 ವಸ್ತುಗಳನ್ನು ತಯಾರಿಸಲು ಎಷ್ಟು ನಿಮಿಷ ಬೇಕು? 100 ಎಂಬ ಉತ್ತರ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಒಂದು ಯಂತ್ರಕ್ಕೆ ಒಂದು ವಸ್ತು ತಯಾರಿಸಲು 5 ನಿಮಿಷ ಬೇಕು, ಎಲ್ಲ ಯಂತ್ರಗಳೂ ಒಟ್ಟಿಗೆ ಕೆಲಸ ಮಾಡುತ್ತವೆ, ಆದ್ದರಿಂದ ಸರಿ ಉತ್ತರ 5. ಶೇನ್ ಫ್ರೆಡರಿಕ್ 2005ರಲ್ಲಿ ಪ್ರಕಟಿಸಿದ ಮೂರು ಪ್ರಶ್ನೆಗಳ ಪರೀಕ್ಷೆಯಲ್ಲಿ ಇದೂ ಒಂದು. ಹೆಸರಾಂತ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಇಂಥವುಗಳಲ್ಲಿ ಎಡವಿದರು. ತಪ್ಪು ಉತ್ತರ ಕೊಟ್ಟವರಿಗೆ ಏನೂ ಅನ್ನಿಸುವುದೇ ಇಲ್ಲವೇ? ಫ್ರಾನ್ಸಿನಲ್ಲಿ ವಿಮ್ ಡಿ ನೇಯ್ಸ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಅದೇ ಪರೀಕ್ಷೆಯ ಇನ್ನೊಂದು ಪ್ರಶ್ನೆಯನ್ನು ಬಳಸಿ ನೋಡಿದಾಗ, ಮೋಸದ ಎಳೆ ತೆಗೆದುಹಾಕಿದ ಸರಳ ಪ್ರಶ್ನೆಗೆ ಉತ್ತರಿಸುವಾಗ ಇದ್ದಷ್ಟು ವಿಶ್ವಾಸ, ಮೂಲ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರಲ್ಲಿ ಇರಲಿಲ್ಲ. ಏನೋ ಸರಿಯಿಲ್ಲ ಎಂಬ ಮಸುಕಾದ ಅಳುಕು ಅವರಲ್ಲಿತ್ತು. ಏನು ಸರಿಯಿಲ್ಲ ಎಂಬುದು ಗೊತ್ತಿರಲಿಲ್ಲ. ಆ ಅಳುಕಿನ ಮಾತು ಕೇಳಿ ಲೆಕ್ಕವನ್ನು ಮತ್ತೊಮ್ಮೆ ಬಿಡಿಸಲು ಸಮಯವೂ ಮನಸ್ಸೂ ಬೇಕು, ಅವಸರದಲ್ಲಿ ಕೈಗೆ ಸಿಗದವು ಅವೇ.

ಅಳುಕನ್ನು ನಂಬಿ ಉತ್ತರ ಬದಲಿಸಿದರೆ ಇದ್ದದ್ದೂ ಕೆಡುತ್ತದೆ ಎಂಬ ಭಯ ಪರೀಕ್ಷೆ ಬರೆಯುವವರಲ್ಲಿ ಗಟ್ಟಿಯಾಗಿ ಬೇರೂರಿದೆ. ಜಸ್ಟಿನ್ ಕ್ರೂಗರ್ ಮತ್ತು ಸಹೋದ್ಯೋಗಿಗಳು 2005ರಲ್ಲಿ 1,561 ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಅಳಿಸಿ ಬದಲಿಸಿದ ಗುರುತುಗಳನ್ನು ಪರಿಶೀಲಿಸಿದಾಗ, ಬದಲಾವಣೆಗಳಲ್ಲಿ ಸುಮಾರು ಅರ್ಧದಷ್ಟು ತಪ್ಪಿನಿಂದ ಸರಿಗೆ ಹೋಗಿದ್ದವು. ಸರಿಯಿಂದ ತಪ್ಪಿಗೆ ಹೋದವು ಕಾಲು ಭಾಗದಷ್ಟು ಮಾತ್ರ. ಬದಲಿಸಿ ಕೆಟ್ಟದ್ದು ಮನಸ್ಸಿನಲ್ಲಿ ಚುಚ್ಚುತ್ತಾ ಉಳಿಯುತ್ತದೆ, ಬದಲಿಸದೆ ಕೆಟ್ಟದ್ದು ಮರೆತುಹೋಗುತ್ತದೆ. ಭಯ ಉಳಿದುಕೊಂಡಿರುವುದು ಹಾಗೆ.

ಒಳಗಿನ ಈ ತಪಾಸಣೆಯ ಬಲ ಎಲ್ಲ ಹೊತ್ತಿನಲ್ಲೂ ಒಂದೇ ಸಮನಾಗಿರುವುದಿಲ್ಲ. ಮದ್ಯ ಸೇವಿಸಿದವರಲ್ಲಿ ಇಆರ್‌ಎನ್ ಅಲೆ ಕುಗ್ಗುತ್ತದೆ ಎಂದು 2002ರಲ್ಲಿ ರಿಚರ್ಡ್ ರಿಡರಿಂಕೋಫ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ನಿದ್ದೆಗೆಟ್ಟವರಲ್ಲೂ ತಪ್ಪಿನ ಸಂಕೇತಗಳು ದುರ್ಬಲವಾಗುತ್ತವೆ. ತಪ್ಪು ಹೆಚ್ಚುವುದು ಒಂದು ಅಪಾಯವಾದರೆ, ತಪ್ಪಿದ್ದೇ ತಿಳಿಯದಿರುವುದು ಅದಕ್ಕಿಂತ ದೊಡ್ಡ ಅಪಾಯ, ಏಕೆಂದರೆ ಅಂಥವರು ತಾವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದೇವೆ ಎಂದು ಮನಸಾರೆ ನಂಬಿರುತ್ತಾರೆ. ಇದರ ತಿರುವುಮುರುವು ಸ್ಥಿತಿಯೂ ಇದೆ. ಗೀಳು ಕಾಯಿಲೆಯಿಂದ ಬಳಲುವವರಲ್ಲಿ ಈ ಅಲೆ ಸಾಮಾನ್ಯಕ್ಕಿಂತ ದೊಡ್ಡದಾಗಿರುತ್ತದೆ ಎಂದು 2000ನೇ ಇಸವಿಯಲ್ಲಿ ಗೆಹ್ರಿಂಗ್ ಮತ್ತು ಸಹೋದ್ಯೋಗಿಗಳು ವರದಿ ಮಾಡಿದರು. ಎಚ್ಚರಿಕೆಯ ಗಂಟೆ ಜೋರಾದಷ್ಟೂ ಒಳ್ಳೆಯದು ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ವೇಗದ ನಿರ್ಧಾರಗಳು ಅನಿವಾರ್ಯವಾದ ಕೆಲಸಗಳನ್ನು ರೂಪಿಸುವವರಿಗೆ ಇದರಿಂದ ಕಲಿಯಲು ಬೇಕಾದಷ್ಟಿದೆ. ‘ಹುಷಾರಾಗಿರಿ’ ಎಂದು ಗೋಡೆಯ ಮೇಲೆ ಬರೆದು ಅಂಟಿಸುವುದರಿಂದ ಆಗುವುದು ಅಲ್ಪ. ಕೈತಪ್ಪು ಮಾಡಿದವರಿಗೆ ಅದು ಬಹಳಷ್ಟು ಸಲ ಒಂದೆರಡು ಕ್ಷಣದಲ್ಲಿ ತಾನಾಗಿಯೇ ತಿಳಿಯುತ್ತದೆ ಎಂದಮೇಲೆ, ಕ್ರಿಯೆಗೂ ಅದರ ಪರಿಣಾಮಕ್ಕೂ ನಡುವೆ ಆ ಕ್ಷಣಗಳನ್ನು ಉಳಿಸಿಕೊಡುವುದೇ ಸರಿಯಾದ ಉಪಾಯ. ಇಮೇಲ್ ‘ಕಳುಹಿಸು’ ಎಂದು ಒತ್ತಿದ ಮೇಲೂ ಕೆಲವು ಸೆಕೆಂಡುಗಳ ಕಾಲ ಅದನ್ನು ಹಿಂದಕ್ಕೆ ಪಡೆಯಲು ಬಿಡುವ ಸೌಲಭ್ಯ ನಿಖರವಾಗಿ ಈ ಕೆಲಸವನ್ನೇ ಮಾಡುತ್ತದೆ. ‘ಖಚಿತವೇ?’ ಎಂದು ಮೊದಲೇ ಕೇಳುವ ಕಿಟಕಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಪದೇ ಪದೇ ಎದುರಾಗುವ ಆ ಪ್ರಶ್ನೆಗೆ ‘ಹೌದು’ ಎಂದು ಒತ್ತುವುದೂ ಅದೇ ಚಲನೆಯ ಭಾಗವಾಗಿ ಕೈಗೆ ಅಂಟಿಕೊಳ್ಳುತ್ತದೆ.

ಹಿಂದಕ್ಕೆ ಪಡೆಯಲಾಗದ ಕೆಲಸಗಳಲ್ಲಿ ತಪಾಸಣೆಯನ್ನು ಮುಂಚೆಯೇ ನಡೆಸದೆ ಗತಿಯಿಲ್ಲ. ಜಪಾನಿನ ರೈಲ್ವೆ ಸಿಬ್ಬಂದಿ ಸಿಗ್ನಲ್ ಅಥವಾ ಮಾಪಕವನ್ನು ಬೆರಳಿನಿಂದ ತೋರಿಸಿ, ಅದು ಹೇಳುತ್ತಿರುವುದನ್ನು ಗಟ್ಟಿಯಾಗಿ ಉಚ್ಚರಿಸಿದ ನಂತರವೇ ಮುಂದಿನ ಹೆಜ್ಜೆ ಇಡುತ್ತಾರೆ. ಕಣ್ಣು, ಕೈ, ಬಾಯಿ, ಕಿವಿ ನಾಲ್ಕೂ ಒಂದೇ ವಸ್ತುವಿನ ಮೇಲೆ ನಿಲ್ಲುವುದರಿಂದ ಕೈತಪ್ಪು ಕಣ್ತಪ್ಪುಗಳು ಹೊರಬೀಳುವ ಮೊದಲೇ ಸಿಕ್ಕಿಬೀಳುತ್ತವೆ. ಆದರೆ ಒಬ್ಬರೇ ಎಷ್ಟು ಸಲ ಉಚ್ಚರಿಸಿದರೂ, ತಿಳಿವಳಿಕೆಯೇ ತಪ್ಪಾಗಿದ್ದರೆ ಅದು ಪ್ರತಿ ಸಲವೂ ಸರಿಯೆಂದೇ ಕೇಳಿಸುತ್ತದೆ. ವಿಮಾನ ಸಂಚಾರ ನಿಯಂತ್ರಕರು ಕೊಟ್ಟ ಸೂಚನೆಯನ್ನು ಪೈಲಟ್ ಮರಳಿ ಓದಿ ಹೇಳುವುದು, ಅದನ್ನು ನಿಯಂತ್ರಕರು ಕಿವಿಗೊಟ್ಟು ಕೇಳಿ ತಾಳೆ ನೋಡುವುದು ಇದೇ ಕಾರಣಕ್ಕೆ: ಪೈಲಟ್ ಕೇಳಿಸಿಕೊಂಡದ್ದು 7,000 ಅಡಿ ಎಂದಾದರೆ, ಹೇಳಿದ್ದು 9,000 ಎಂಬುದು ಗೊತ್ತಿರುವುದು ಹೇಳಿದವರಿಗೆ ಮಾತ್ರ.